ಕೋದಂಡಪ್ಪನವರ ಜೀಪು

ಊರಿಗಾಂ
೩ ಡಿಸೆಂಬರ್ ೧೯೬೧

ಮುನಿಸ್ವಾಮಿಗೆ,

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದನ್ನು ಬಂಗಾರಪೇಟೆ ಸ್ಟೇಷನ್ನಿನ ಗೋಡೆಗೆಲ್ಲ ಅಂಟಿಸಿದ್ದಾರೆ, ಆದ್ದರಿಂದ ಕೇಳುವುದಿಲ್ಲ. ಚುನಾವಣೆಯ ಪೋಸ್ಟರಿನ ಫೋಟೋದಲ್ಲಿ ನಿನ್ನ ಕಿವಿ ಥೇಟ್ ಅಪ್ಪನ ಕಿವಿ. ಅಪ್ಪ ಇದ್ದಿದ್ದರೆ ರೈಲು ಬಿಟ್ಟು ಆ ಗೋಡೆಯನ್ನೇ ನೋಡುತ್ತ ನಿಲ್ಲುತ್ತಿದ್ದ.

ಮೊನ್ನೆ ನೀನು ಬಂದು ಹೋದ ಮೇಲೆ ನಿಮ್ಮ ಬಾವ ಊಟ ಮಾಡಲಿಲ್ಲ. ನಿನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನೀನು ಬಂದ ಜೀಪು ಅವರಿಗೆ ಗೊತ್ತಿರುವ ಜೀಪು. ಅದು ಕೋದಂಡಪ್ಪನವರದು. ವಾರಕ್ಕೆ ಎರಡು ಸಲ ಚಿನ್ನದ ಗಣಿಯ ಮರದ ಯಾರ್ಡಿನ ಗೇಟಿನಲ್ಲಿ ನಿಲ್ಲುತ್ತದೆ.

ನಿಮ್ಮ ಬಾವನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಿದವನಲ್ಲ, ಈಗ ಹೇಳುತ್ತೇನೆ. ಸುರಂಗದೊಳಗೆ ತಲೆಯ ಮೇಲಿನ ಬಂಡೆ ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ಆಸರೆ ಕೊಟ್ಟು ನಿಲ್ಲಿಸುತ್ತಾರೆ. ಆ ದಿಮ್ಮಿಗಳು ಲಾರಿಯಲ್ಲಿ ಬಂದಾಗ ಒಂದೊಂದನ್ನೂ ತಟ್ಟಿ ನೋಡಿ, ಒಳ್ಳೆಯದಕ್ಕೆ ಮುದ್ರೆ ಹಾಕಿ ಕೆಟ್ಟದ್ದನ್ನು ವಾಪಸ್ಸು ಕಳಿಸುವವರು ನಿಮ್ಮ ಬಾವ. ಮರ ತರುವ ಕಂಟ್ರಾಕ್ಟರು ಕೋದಂಡಪ್ಪನವರು. ಹೋದ ತಿಂಗಳು ಅವರ ಮೂರು ಲಾರಿ ವಾಪಸ್ಸು ಹೋದವು. ಎಲ್ಲ ಹಸಿ ಮರ. ಹಸಿ ಮರ ಇಲ್ಲಿ ನೆಲದ ಮೇಲೆ ಗಟ್ಟಿಯಾಗಿಯೇ ಕಾಣುತ್ತದಂತೆ. ಒಳಗಿನ ಕಾವಿಗೆ ಒಣಗುತ್ತ ಸೀಳು ಬಿಡುತ್ತದಂತೆ.

ನಮ್ಮ ಪಕ್ಕದ ಮನೆಯ ಆರುಮುಗಂ ನಿನಗೆ ಗೊತ್ತು. ಸುರಂಗದಲ್ಲಿ ಆ ಮರ ನಿಲ್ಲಿಸುವವನು ಅವನೇ. ನಿನ್ನ ಜೊತೆ ಹಳ್ಳಿಗಳಿಗೆ ಬಂದು ತಮಿಳು ಜನರ ಹತ್ತಿರ ಮಾತನಾಡುತ್ತೇನೆಂದು ಮೂರು ದಿನ ರಜೆ ಹಾಕಿದ್ದಾನೆ. ಆ ಜೀಪಿನಲ್ಲಿ ಅವನನ್ನು ಕೂರಿಸಿಕೊಳ್ಳುವಾಗ ನಿನಗೆ ಏನೂ ಅನ್ನಿಸುವುದಿಲ್ಲವೇ?

ಜೀಪು ವಾಪಸ್ಸು ಕಳಿಸು. ಸೈಕಲ್ಲಿನಲ್ಲಿ ಹೋಗು. ನಿನಗೆ ಸೈಕಲ್ಲು ಬರುತ್ತದೆ, ಕಲಿಸಿದವಳು ನಾನೇ.

ನಿನ್ನ ಅಕ್ಕ,
ವರಲಕ್ಷ್ಮಿ


ಬಂಗಾರಪೇಟೆ
೧೨ ಡಿಸೆಂಬರ್ ೧೯೬೧

ಅಕ್ಕನಿಗೆ ನಮಸ್ಕಾರಗಳು.

ಸೈಕಲ್ಲಿನಲ್ಲಿ ಹೋಗು ಎಂದು ಬರೆದಿದ್ದೀಯ. ಕಾಮಸಮುದ್ರದಿಂದ ಆಚೆ ಆಂಧ್ರದ ಗಡಿಯವರೆಗೆ ಎಷ್ಟು ಹಳ್ಳಿಗಳಿವೆ ಎಂದು ನಿನಗೂ ಗೊತ್ತು, ನಾವು ಹುಟ್ಟಿದ್ದು ಅಲ್ಲೇ. ಎದುರಾಳಿಗೆ ಎರಡು ಕಾರು, ಒಂದು ಬಸ್ಸು. ಅವರ ಮಾವನಿಗೆ ಅಕ್ಕಿ ಗಿರಣಿ ಇದೆ. ನನ್ನ ಮಾವನಿಗೆ ಎರಡು ಎಮ್ಮೆ ಇವೆ. ಪಾರ್ಟಿಯವರು ಕೊಟ್ಟದ್ದು ಒಂದು ಕಟ್ಟು ಪೋಸ್ಟರು ಮತ್ತು ಆಶೀರ್ವಾದ.

ಕೋದಂಡಪ್ಪನವರು ಜೀಪು ಕೊಟ್ಟರು, ಪೆಟ್ರೋಲು ಹಾಕಿಸುತ್ತಿದ್ದಾರೆ, ಮೈಕಿನ ಬಾಡಿಗೆ ಅವರದೇ. ಮುಚ್ಚಿಡುವುದೇನಿದೆ? ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಅಕ್ಕ. ನಾನೇ ಮೊದಲ ದಿನ ಕೇಳಿದೆ, ನಿಮಗೆ ಇದರಿಂದ ಏನಾಗಬೇಕು ಎಂದು. ಅವರು ಅಂದರು: “ಏನೂ ಬ್ಯಾಡಿ ಲಾಯರ್ ಸಾರ್. ನಮ್ ಕಡೆ ಉಡುಗ ಇದಾನಸೌದಕ್ಕೆ ಓಗ್ಬೇಕು, ಅಷ್ಟೇ.”

ನಾನು ಗೆದ್ದರೆ ನಮ್ಮ ಊರಿಗೆ ರಸ್ತೆ ಬರುತ್ತದೆ, ಹೆರಿಗೆ ಆಸ್ಪತ್ರೆ ಬರುತ್ತದೆ. ಸೋತರೆ ಜೀಪಿಲ್ಲದೆ ಪ್ರಾಮಾಣಿಕವಾಗಿ ಸೋತ ಎಂದು ಯಾರೂ ಶಾಲು ಹೊದಿಸುವುದಿಲ್ಲ. ಬಾವನ ಕೆಲಸಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡ. ಅವರು ವಾಪಸ್ಸು ಕಳಿಸುವ ಲಾರಿಯನ್ನು ಕಳಿಸುತ್ತಲೇ ಇರಲಿ.

ಆರುಮುಗಂ ಚೆನ್ನಾಗಿ ಮಾತನಾಡಿದ. ನನಗಿಂತ ಅವನಿಗೇ ಹೆಚ್ಚು ಚಪ್ಪಾಳೆ ಬಿತ್ತು.

ನಿನ್ನ ತಮ್ಮ,
ಮುನಿಸ್ವಾಮಿ


ಊರಿಗಾಂ
೨೧ ಜನವರಿ ೧೯೬೨

ಮುನಿಸ್ವಾಮಿಗೆ,

ಏನೂ ಬೇಡ ಎಂದವರು ನಿನ್ನೆ ನಮ್ಮ ಮನೆಗೆ ಬಂದಿದ್ದರು. ನಿಮ್ಮ ಬಾವ ಯಾರ್ಡಿನಲ್ಲಿರುವ ಹೊತ್ತು ನೋಡಿಕೊಂಡೇ ಬಂದರು. ಒಂದು ಬುಟ್ಟಿ ದ್ರಾಕ್ಷಿ, ಒಂದು ರೇಷ್ಮೆ ಸೀರೆ. ಗಣಿಯವರು ಸಾಲಾಗಿ ಕಟ್ಟಿಸಿಕೊಟ್ಟ ನಮ್ಮ ಲೈನಿನ ಮನೆಯಲ್ಲಿ ಇರುವುದು ಒಂದೇ ಕುರ್ಚಿ. ಅದರ ಮೇಲೆ ನಾನು ತಿದ್ದಬೇಕಾದ ಸ್ಕೂಲು ಮಕ್ಕಳ ಕಾಪಿ ಪುಸ್ತಕಗಳಿದ್ದವು. ತಾವೇ ಎತ್ತಿ ನೆಲದ ಮೇಲಿಟ್ಟು ಕೂತರು.

ಸೀರೆ ಬೇಡ ಎಂದೆ. ತಂಗಿಯ ಮನೆಗೆ ಬರಿಗೈಯಲ್ಲಿ ಬರುವುದುಂಟೇ ಎಂದರು. ನಾನು ಯಾವಾಗ ಅವರ ತಂಗಿಯಾದೆ ಎಂದು ನೀನೇ ವಿಚಾರಿಸಿ ತಿಳಿಸು. ಕಾಫಿ ಕುಡಿಯುತ್ತ ನಿಮ್ಮ ಬಾವನನ್ನು ಬಹಳ ಹೊಗಳಿದರು. ಅಷ್ಟು ನಿಯತ್ತಿನ ಮನುಷ್ಯ ಬಿಸಿಲಲ್ಲಿ ನಿಂತು ಮರ ತಟ್ಟುವುದು ನೋಡಿದರೆ ಹೊಟ್ಟೆ ಉರಿಯುತ್ತದಂತೆ. ನಾನು ನೇರವಾಗಿ ಕೇಳಿಬಿಟ್ಟೆ, ನನ್ನ ತಮ್ಮನಿಗೆ ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು. ಅವರಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ.

“ಅವರ್ಗೂ ಕೊಟ್ಟಿದೀನಮ್ಮ, ಲಾರಿನೂ ಪೆಟ್ರೋಲೂ. ಯಾರ್ ಗೆದ್ರೂ ನಮ್ಮೋರೇ ಆಗ್ಬೇಕಲ್ಲ?”

ಎದುರಾಳಿಗೂ ಕೊಟ್ಟಿದ್ದಾರೆ, ಕೇಳಿಸಿತೇ? ನಿನ್ನ ಹತ್ತಿರ ಬಂದ ಕಕ್ಷಿದಾರ ಇಂಥ ಕಥೆ ಹೇಳಿ, ಅವರು ಪ್ರೀತಿಗೆ ಕೊಟ್ಟರು ಸ್ವಾಮಿ ಎಂದಿದ್ದರೆ ನೀನು ಅವನೆದುರಿಗೇ ನಕ್ಕುಬಿಡುತ್ತಿದ್ದೆ.

ಸೀರೆಯನ್ನು ಹೊಸ್ತಿಲ ಮೇಲೆ ಬಿಟ್ಟು ಹೋದರು. ನಾನು ಓಡಿ ಹೋಗಿ ಡ್ರೈವರಿನ ಪಕ್ಕಕ್ಕೆ ಎಸೆದು ಬಂದೆ. ಮಾರಿಯಮ್ಮ, ಆರುಮುಗಂ ಹೆಂಡತಿ, ಅಷ್ಟು ಒಳ್ಳೆಯ ಸೀರೆ ಎಂದು ಇವತ್ತಿಗೂ ಪೇಚಾಡುತ್ತಿದ್ದಾಳೆ. ದ್ರಾಕ್ಷಿ ಮಾತ್ರ ಅಷ್ಟರಲ್ಲಿ ಲೈನಿನ ಮಕ್ಕಳ ಹೊಟ್ಟೆ ಸೇರಿತ್ತು.

ಇದಕ್ಕಾದರೂ ಉತ್ತರ ಬರೆ.

ವರಲಕ್ಷ್ಮಿ


ಬಂಗಾರಪೇಟೆ
೨೮ ಫೆಬ್ರವರಿ ೧೯೬೨

ಅಕ್ಕ,

ಗೆದ್ದೆ. ಎಂಟುನೂರ ಹನ್ನೊಂದು ಮತಗಳಿಂದ. ನಿನ್ನ ನಾದಿನಿ ಮಂಗಮ್ಮ ನಿನ್ನೆಯಿಂದ ಬಂದವರಿಗೆಲ್ಲ ಕಾಫಿ ಕಾಸಿ ಕಾಸಿ ಮಲಗಿಬಿಟ್ಟಿದ್ದಾಳೆ. ನಿನ್ನ ಜನವರಿಯ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಎದುರಾಗಿ ಕೂತು ಮಾತನಾಡೋಣ. ನಿಮ್ಮಿಬ್ಬರ ಆಶೀರ್ವಾದ ಇರಲಿ.

ಮುನಿಸ್ವಾಮಿ


ಊರಿಗಾಂ
೧೫ ಏಪ್ರಿಲ್ ೧೯೬೨

ಮುನಿಸ್ವಾಮಿಗೆ,

ಎದುರಾಗಿ ಕೂರುವುದಕ್ಕೆ ನಿನಗೆ ಪುರುಸೊತ್ತಾಗಲಿಲ್ಲ. ಆದ್ದರಿಂದ ಕಾಗದದಲ್ಲೇ ಕೇಳುತ್ತೇನೆ.

ಶುಕ್ರವಾರ ನಿಮ್ಮ ಬಾವನಿಗೆ ಬಡ್ತಿಯ ಆರ್ಡರು ಬಂತು. ಇನ್ನು ಮೇಲೆ ಅವರು ಉಗ್ರಾಣದ ಆಫೀಸಿನಲ್ಲಿ ಸೂಪರ್‌ವೈಸರು. ಫ್ಯಾನಿನ ಕೆಳಗೆ ಮೇಜು. ಎರಡು ರೂಮಿನ ಕ್ವಾರ್ಟರ್ಸು, ಅಡುಗೆಮನೆಯೊಳಗೇ ನಲ್ಲಿ. ಅವರಿಗಿಂತ ಮೇಲಿನ ನಾಲ್ಕು ಜನರನ್ನು ಬಿಟ್ಟು ಇವರನ್ನು ಆರಿಸಿದ್ದಾರೆ. ಯಾರ್ಡಿನಲ್ಲಿ ಇವರ ಜಾಗಕ್ಕೆ ಬರುವವನು ಕೋದಂಡಪ್ಪನವರ ಷಡ್ಡಕನ ಮಗ. ಅವನಿಗೆ ಬೇವಿನ ಮರವೂ ಹುಣಿಸೆ ಮರವೂ ಒಂದೇ.

ನಿಮ್ಮ ಬಾವ ಆರ್ಡರನ್ನು ಓದಿ ಮಡಿಸಿ ನನ್ನ ಕೈಗೆ ಕೊಟ್ಟು, “ಇದು ನಂಗೆ ಬಂದಿದ್ದಲ್ಲ ಕಣೇ. ಆ ಲಾರಿಗಳಿಗೆ ಬಂದಿದ್ದು,” ಅಂದರು. ಆ ಆಫೀಸಿಗೆ ಹೋಗುವುದಿಲ್ಲ ಎಂದು ಬರೆದುಕೊಡುತ್ತಾರಂತೆ.

ಇದರಲ್ಲಿ ನಿನ್ನ ಕೈ ಇದೆಯೋ ಇಲ್ಲವೋ? ಭಾಷಣ ಬೇಡ. ಇದೆ ಅಥವಾ ಇಲ್ಲ ಎಂದು ಬರೆ.

ವರಲಕ್ಷ್ಮಿ


ಬೆಂಗಳೂರು
೨೨ ಏಪ್ರಿಲ್ ೧೯೬೨

ಅಕ್ಕನಿಗೆ,

ಇದೆ.

ಭಾಷಣ ಬೇಡ ಎಂದಿದ್ದೀಯ, ಆದರೂ ಎರಡು ಮಾತು ಕೇಳು. ಕೋದಂಡಪ್ಪನವರು ನನ್ನನ್ನು ಕೇಳಿದ್ದು ಇದೊಂದೇ. ದುಡ್ಡು ಕೇಳಲಿಲ್ಲ, ಲೈಸೆನ್ಸು ಕೇಳಲಿಲ್ಲ. ನಿಮ್ಮ ಬಾವನಿಗೆ ಒಳ್ಳೆಯದು ಮಾಡಿ ಎಂದು ಕೇಳಿದರು. ಬೇರೆಯವರಿಗೆ ಕೆಟ್ಟದ್ದು ಮಾಡಿ ಎಂದಿದ್ದರೆ ಎದ್ದು ಹೊರಗೆ ಕಳಿಸುತ್ತಿದ್ದೆ. ಇದಕ್ಕೆ ಏನೆಂದು ಇಲ್ಲ ಅನ್ನಲಿ? ಮೇಲಿನವರಿಗೆ ಒಂದು ಮಾತು ಹೇಳಿದೆ, ಒಂದು ಸಾಲು ಬರೆದುಕೊಟ್ಟೆ. ಇಪ್ಪತ್ತು ವರ್ಷ ನೀನು ಬೀದಿ ನಲ್ಲಿಯಲ್ಲಿ ಸರದಿ ನಿಂತು ನೀರು ಹೊತ್ತಿದ್ದೀಯ. ಅದು ನನ್ನ ಕಣ್ಣ ಮುಂದಿತ್ತು.

ಮರ ನೋಡುವುದಕ್ಕೆ ಗಣಿಯಲ್ಲಿ ಬೇರೆ ಎಂಜಿನಿಯರುಗಳೂ ಇದ್ದಾರೆ. ಬಾವ ಒಬ್ಬರೇ ಆ ಬಂಡೆಯನ್ನು ಹೊತ್ತುಕೊಂಡಿಲ್ಲ. ದಯವಿಟ್ಟು ಅವರಿಗೆ ಹೇಳು, ಬೇಡ ಎಂದು ಬರೆದುಕೊಟ್ಟು ನನ್ನ ಮರ್ಯಾದೆ ತೆಗೆಯುವುದು ಬೇಡ.

ಮುನಿಸ್ವಾಮಿ


ಊರಿಗಾಂ
೧೦ ಜೂನ್ ೧೯೬೨

ಮುನಿಸ್ವಾಮಿಗೆ,

ಈ ಕಾಗದವನ್ನು ಹೊಸ ಕ್ವಾರ್ಟರ್ಸಿನಿಂದ ಬರೆಯುತ್ತಿದ್ದೇನೆ. ಹೌದು, ಬಂದುಬಿಟ್ಟೆವು. ನಿಮ್ಮ ಬಾವ ಬರೆದುಕೊಟ್ಟ ಅರ್ಜಿಗೆ, ಆಜ್ಞೆ ಮೀರಿದರೆ ಕೆಲಸಕ್ಕೇ ಕುತ್ತು ಎಂದು ನೋಟೀಸು ಬಂತು. ಅವರು ಅದಕ್ಕೂ ಬಗ್ಗುತ್ತಿರಲಿಲ್ಲ. ಬಗ್ಗಿಸಿದವಳು ನಾನು. ನಿಮ್ಮ ಹಟಕ್ಕೆ ನಾನು ಎಷ್ಟು ವರ್ಷ ಕೊಡ ಹೊರಬೇಕು ಎಂದು ಕೇಳಿದೆ. ಅಳಲೂ ಇಲ್ಲ, ಸುಮ್ಮನೆ ಕೇಳಿದೆ. ಮಾರನೆಯ ದಿನ ಹೋಗಿ ರುಜು ಹಾಕಿ ಬಂದರು.

ನಿನ್ನನ್ನು ಬೈಯುವಾಗ ಇದನ್ನು ಮುಚ್ಚಿಟ್ಟರೆ ನಾನೂ ನಿನ್ನ ಹಾಗೇ ಆಗುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ಆ ಮನೆ ನನಗೆ ಬೇಕಿತ್ತು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಮೊದಲ ದಿನ ಸುಮ್ಮಸುಮ್ಮನೆ ಮೂರು ಸಲ ತಿರುಗಿಸಿದೆ.

ನಿಮ್ಮ ಬಾವ ಆಫೀಸಿನಲ್ಲಿ ಪೊರಕೆ, ಗೋಣಿಚೀಲ, ಲಾಟೀನು ಕೊಟ್ಟು ಪುಸ್ತಕದಲ್ಲಿ ಬರೆಯುತ್ತಾರೆ. ಮನೆಗೆ ಬಂದರೆ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಕೇಳಿದ್ದಕ್ಕೆ ಹೂಂ, ಉಹೂಂ. ಇವರ ಮೌನವನ್ನೂ ನಿನ್ನ ಮಾತನ್ನೂ ಸಹಿಸಿ ಸಹಿಸಿ ನನಗೆ ಸಾಕಾಗಿದೆ.

ಆರುಮುಗಂ ವಾರಕ್ಕೊಮ್ಮೆ ಬರುತ್ತಾನೆ. ಈಗ ಒಂದು ಲಾರಿಯೂ ವಾಪಸ್ಸು ಹೋಗುತ್ತಿಲ್ಲವಂತೆ. ಮರ ಕುಯ್ದಾಗ ಕೈಗೆ ನೀರು ಅಂಟುತ್ತದಂತೆ. ಹೇಳಿ ನಕ್ಕ. ನಿಮ್ಮ ಬಾವ ಎದ್ದು ಹೊರಗೆ ಹೋದರು.

ವರಲಕ್ಷ್ಮಿ


ಊರಿಗಾಂ
೧೯ ಆಗಸ್ಟ್ ೧೯೬೨

ಮುನಿಸ್ವಾಮಿ,

ಗುರುವಾರ ಬೆಳಗಿನ ಪಾಳಿಯಲ್ಲಿ ಸುರಂಗದೊಳಗೆ ಮರ ಸೀಳಿ ಬಂಡೆ ಕುಸಿಯಿತು. ಆರುಮುಗಂ ತಾನೇ ಹತ್ತು ದಿನದ ಹಿಂದೆ ನಿಲ್ಲಿಸಿದ್ದ ದಿಮ್ಮಿ. ಸದ್ದು ಕೇಳಿ ಜೊತೆಯ ಇಬ್ಬರನ್ನು ಆಚೆ ನೂಕಿದ. ಅವನ ಕಾಲು ಸಿಕ್ಕಿಕೊಂಡಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಜೀವ ಉಳಿದಿದೆ. ಮಾರಿಯಮ್ಮನ ಜೊತೆ ನಾನು ಮೂರು ದಿನದಿಂದ ಆಸ್ಪತ್ರೆಯಲ್ಲೇ ಇದ್ದೇನೆ. ನಿಮ್ಮ ಬಾವ ವಾರ್ಡಿನ ಬಾಗಿಲವರೆಗೆ ಬಂದು ಒಳಗೆ ಬರಲಾಗದೆ ಹಿಂದಿರುಗಿದರು.

ಬಾ. ಬಂದು ನೋಡು. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ವರಲಕ್ಷ್ಮಿ


ಬೆಂಗಳೂರು
೨೫ ಆಗಸ್ಟ್ ೧೯೬೨

ಅಕ್ಕನಿಗೆ,

ಸುದ್ದಿ ತಿಳಿದು ಬಹಳ ನೋವಾಯಿತು. ಸಮಿತಿಯ ಸಭೆಗಳಿರುವುದರಿಂದ ತಕ್ಷಣ ಹೊರಡುವ ಹಾಗಿಲ್ಲ. ಮಾರಿಯಮ್ಮನ ಹೆಸರಿಗೆ ಐವತ್ತು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಪರಿಹಾರದ ಅರ್ಜಿ ಬೇಗ ಇತ್ಯರ್ಥವಾಗುವಂತೆ ಹೇಳಿಸಿದ್ದೇನೆ. ಗಣಿಯಲ್ಲಿ ಹಿಂದೆಯೂ ಇಂಥ ಅವಘಡಗಳು ನಡೆದಿವೆ, ಬಾವ ಯಾರ್ಡಿನಲ್ಲಿದ್ದಾಗಲೂ ನಡೆದಿವೆ. ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ ನೋಡಬಾರದು.

ಮುಂದಿನ ವಾರ ಖಂಡಿತ ಬರುತ್ತೇನೆ.

ಮುನಿಸ್ವಾಮಿ


ಊರಿಗಾಂ
೯ ಸೆಪ್ಟೆಂಬರ್ ೧೯೬೨

ಮುನಿಸ್ವಾಮಿಗೆ,

ಬುಧವಾರ ನೀನು ಬಂದೆ. ಬಂದದ್ದನ್ನು ಊರೇ ನೋಡಿತು. ಹಿಂದೆ ಎಂಟು ಜನ, ಕ್ಯಾಮರಾದವನೊಬ್ಬ, ಸೇಬಿನ ಬುಟ್ಟಿ. ಬಾಗಿಲಲ್ಲಿ ಅದೇ ಜೀಪು. ಆರುಮುಗಂ ಮಲಗಿದ್ದಲ್ಲೇ ಕೈ ಮುಗಿದ. ತಾನು ಗೆಲ್ಲಿಸಿದ ಸಾರ್ ತನ್ನನ್ನು ನೋಡಲು ಬಂದರೆಂದು ಪಕ್ಕದ ಮಂಚದವನಿಗೆ ತೋರಿಸಿದ. ಆಮೇಲೆ ನಿನ್ನನ್ನು ಏನು ಕೇಳಿದ ಎಂದು ನೆನಪಿದೆಯೇ? ತನಗೆ ಇನ್ನು ಒಳಗಿಳಿಯಲು ಆಗುವುದಿಲ್ಲ, ಕೂತು ಮಾಡುವ ಕೆಲಸವೇನಾದರೂ ಕೋದಂಡಪ್ಪನವರ ಮರದ ಡಿಪೋದಲ್ಲಿ ಕೊಡಿಸಿ ಎಂದ. ನೀನು “ನೋಡೋಣ” ಎಂದು ಅವನ ಭುಜ ತಟ್ಟಿದೆ. ಎಷ್ಟು ನಿಮಿಷ ಇದ್ದೆಯೋ ನನಗೆ ಗೊತ್ತಿಲ್ಲ, ಸೇಬು ಜೋಡಿಸಿ ಮುಗಿಯುವುದರೊಳಗೆ ಹೋಗಿದ್ದೆ.

ನನಗೆ ತಡೆಯಲಾಗಲಿಲ್ಲ. ಶುಕ್ರವಾರ ಸಂಜೆ ಅವನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ನಿಮ್ಮ ಬಾವನನ್ನು ಯಾರ್ಡಿನಿಂದ ಯಾಕೆ ತೆಗೆದರು, ಬೇಡ ಎನ್ನುತ್ತಿದ್ದವರನ್ನು ನಾನು ಹೇಗೆ ಒಪ್ಪಿಸಿದೆ, ನಲ್ಲಿಯ ಆಸೆ, ಎಲ್ಲ. ಮಾರಿಯಮ್ಮ ಮುಖ ತಿರುಗಿಸಿಕೊಂಡಳು. ಅವಳು ಇನ್ನೂ ನನ್ನ ಜೊತೆ ಮಾತನಾಡುತ್ತಿಲ್ಲ. ಆರುಮುಗಂ ಮಾತ್ರ ಪೂರ್ತಿ ಕೇಳಿಸಿಕೊಂಡ. ನಿನ್ನ ಹೆಸರು ಬಂದಾಗ ಕೈ ಎತ್ತಿ ತಡೆದ.

“ನಿಮ್ದು ನೀವು ಏಳಿದ್ರಿ ಟೀಚರಮ್ಮ. ಅವರ್ದು ಅವರೇ ಬಂದು ಏಳ್ಲಿ.”

ಅಷ್ಟೇ ಅಂದದ್ದು. ಅದಕ್ಕಿಂತ ಹೆಚ್ಚಿಗೆ ನಾನೂ ಹೇಳುವುದಿಲ್ಲ. ರೋಗಿಗಳನ್ನು ನೋಡಲು ಸಂಜೆ ನಾಲ್ಕರಿಂದ ಐದರವರೆಗೆ ಬಿಡುತ್ತಾರೆ. ಮಾರಿಯಮ್ಮ ಆ ಮನಿಯಾರ್ಡರ್ ವಾಪಸ್ಸು ಮಾಡಿದ್ದಾಳೆ, ಈ ವಾರ ನಿನಗೆ ತಲುಪಬಹುದು.

ವರಲಕ್ಷ್ಮಿ


ಬಂಗಾರಪೇಟೆ
೨೪ ಸೆಪ್ಟೆಂಬರ್ ೧೯೬೨

ಅಕ್ಕ,

ನಿನ್ನೆ ಒಬ್ಬನೇ ರೈಲಿನಲ್ಲಿ ಆಸ್ಪತ್ರೆಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಅದೇ ದಿನ ಬಾವನ ಮುಖವನ್ನೂ ನೋಡುವಷ್ಟು ಧೈರ್ಯವಿರಲಿಲ್ಲ.

ಎರಡು ವಾರ ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ನೀನು ಯಾಕೆ ಹೇಳಬೇಕಿತ್ತು, ರಾಜಕೀಯ ನಿನಗೇನು ಗೊತ್ತು ಎಂದು ಮಂಗಮ್ಮನ ಹತ್ತಿರ ಕೂಗಾಡಿದೆ. ಅವಳು ಅನ್ನ ಬಡಿಸುತ್ತ, ಹಾಗಾದರೆ ನೀವು ಹೇಳುವವರಿದ್ದಿರಾ ಎಂದಳು.

ಆರುಮುಗಂ ಎದ್ದು ಕೂತಿದ್ದ. ವಕೀಲನಾಗಿ ನಾನು ಎಂದೂ ಅಷ್ಟು ತೊದಲಿಲ್ಲ. ಜೀಪು ತೆಗೆದುಕೊಂಡದ್ದು, ಕೋದಂಡಪ್ಪನವರು ಕೇಳಿದ್ದು, ನಾನು ಬರೆದುಕೊಟ್ಟದ್ದು, ಬರೆಯುವಾಗ ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿದ್ದದ್ದು, ಎಲ್ಲ ಹೇಳಿದೆ. ಆ ಕೊನೆಯದನ್ನು ನಿನಗೂ ನಾನು ಹೇಳಿರಲಿಲ್ಲ. ನಿನ್ನ ಮೊದಲ ಕಾಗದ ಓದಿದ ದಿನವೇ ನನಗೆ ಗೊತ್ತಿತ್ತು ಅಕ್ಕ, ಅವರು ಒಂದು ದಿನ ಬಾವನ ವಿಷಯಕ್ಕೇ ಬರುತ್ತಾರೆಂದು.

ಅವನು ಬೈದಿದ್ದರೆ ಚೆನ್ನಾಗಿತ್ತು. ಅವನು ಹೇಳಿದ್ದು ಇಷ್ಟು: “ನನ್ನತ್ರ ಏಳಿ ಏನ್ ಮಾಡೋದು ಸಾರ್? ನಂದು ಓಯ್ತು. ಒಳಗೆ ಇನ್ನೂ ಅದೇ ಮರ ನಿಂತದೆ. ಅದ್ರ ಕೆಳಗೆ ಆಳುಗಳು ನಿಂತವ್ರೆ. ಯಾರಿಗ್ ಬರೀಬೇಕೋ ಅವರ್ಗೆ ಬರೀರಿ.”

ರಾತ್ರಿ ಬರೆದೆ. ಮಂತ್ರಿಗಳಿಗೆ ಒಂದು, ಗಣಿಯ ಮುಖ್ಯಸ್ಥರಿಗೆ ಒಂದು, ಪಾರ್ಟಿಗೆ ಒಂದು. ಬೆಳಿಗ್ಗೆ ರಿಜಿಸ್ಟರ್ ಮಾಡಿ ಬಂದೆ. ನಕಲು ಇದರ ಜೊತೆ ಇಟ್ಟಿದ್ದೇನೆ. ಜೀಪು ವಾಪಸ್ಸು ಕಳಿಸಿದ್ದೇನೆ, ತಡವಾಯಿತು ಎಂದು ನೀನು ಹೇಳುವ ಮೊದಲೇ ನನಗೆ ಗೊತ್ತು.

ಮುನಿಸ್ವಾಮಿ


ಊರಿಗಾಂ
೧೮ ನವೆಂಬರ್ ೧೯೬೨

ಮುನಿಸ್ವಾಮಿಗೆ,

ಎರಡು ತಿಂಗಳು ಉತ್ತರ ಬರೆಯದೆ ಇದ್ದದ್ದು ಸೇಡಿಗಲ್ಲ. ಏನಾಗುತ್ತದೆಂದು ನೋಡಿ ಬರೆಯೋಣ ಎಂದುಕೊಂಡೆ. ಗಡಿಯಲ್ಲಿ ಯುದ್ಧ ನಡೆಯುತ್ತಿರುವಾಗ ಮರದ ವಿಷಯವನ್ನು ಯಾರು ಓದುತ್ತಾರೆ ಎಂದು ನಿಮ್ಮ ಬಾವ ಅನ್ನುತ್ತಿದ್ದರು. ಆದರೆ ಯಾರೋ ಓದಿದ್ದಾರೆ. ಹೋದ ತಿಂಗಳು ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದು ನಾಲ್ಕು ದಿನ ಒಳಗಿಳಿದರು. ಏಪ್ರಿಲಿನಿಂದ ಈಚೆಗೆ ನಿಲ್ಲಿಸಿದ ಮರವನ್ನೆಲ್ಲ ತೆಗೆದು ಬೇರೆ ನಿಲ್ಲಿಸುತ್ತಿದ್ದಾರೆ. ನಿಮ್ಮ ಬಾವನನ್ನು ತಾತ್ಕಾಲಿಕವಾಗಿ ಎಂದು ಯಾರ್ಡಿಗೆ ವಾಪಸ್ಸು ಹಾಕಿದ್ದಾರೆ. ತಾತ್ಕಾಲಿಕ ಎಂದರೆ ಎಷ್ಟು ದಿನವೋ ಅವರಿಗೂ ಗೊತ್ತಿಲ್ಲ.

ಕೋದಂಡಪ್ಪನವರಿಗೆ ಏನೂ ಆಗಿಲ್ಲ. ಕಂಟ್ರಾಕ್ಟು ಈಗ ಅವರ ಅಳಿಯನ ಹೆಸರಿನಲ್ಲಿದೆ. ಮರ ಮಾತ್ರ ಒಣಗಿದ್ದೇ ಬರುತ್ತಿದೆಯಂತೆ. ಇದಕ್ಕೆ ಸಂತೋಷ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ಕ್ವಾರ್ಟರ್ಸು ಖಾಲಿ ಮಾಡಿ ಲೈನಿಗೆ ಬಂದಿದ್ದೇವೆ. ಮಾರಿಯಮ್ಮ ಸರದಿಯಲ್ಲಿ ನನ್ನ ಹಿಂದೆಯೇ ನಿಲ್ಲುತ್ತಾಳೆ. ಮೊನ್ನೆ ನನ್ನ ಕೊಡವನ್ನು ಎತ್ತಿ ನನ್ನ ತಲೆಗಿಟ್ಟಳು. ಮಾತನಾಡಲಿಲ್ಲ. ಆರುಮುಗನಿಗೆ, ಸುರಂಗಕ್ಕೆ ಇಳಿಯುವವರಿಗೆ ದೀಪ ಕೊಡುವ ಕೋಣೆಯಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ನಿಮ್ಮ ಬಾವ ಬೆಳಿಗ್ಗೆ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ.

ಪಾರ್ಟಿಯವರು ನಿನ್ನನ್ನು ಸಭೆಗಳಿಗೆ ಕರೆಯುತ್ತಿಲ್ಲ, ಮುಂದಿನ ಸಲ ಟಿಕೆಟ್ಟು ಕೊಡುವುದಿಲ್ಲ ಎಂದು ಮಂಗಮ್ಮ ಬರೆದಿದ್ದಳು. ಕೊಡಲಿಕ್ಕಿಲ್ಲ. ನಾನು ನಿನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ನಿಮ್ಮ ಬಾವ ಕ್ಷಮಿಸಿದಂತಿದೆ, ಅವರಿಗೆ ಮರ ತಟ್ಟಲು ಸಿಕ್ಕಿದರೆ ಆಯಿತು.

ನೀನು ಕಳಿಸಿದ ನಕಲನ್ನು ಅವರು ಗಟ್ಟಿಯಾಗಿ ಓದಿಸಿಕೊಂಡರು. ನಾನು ಕೆಂಪು ಪೆನ್ಸಿಲು ಹಿಡಿದೇ ಓದುವವಳು, ನಿನಗೆ ಗೊತ್ತು. ಚುನಾವಣೆಯ ನಿನ್ನ ಕರಪತ್ರಗಳಲ್ಲಿ ನಾವು ಮಾಡುತ್ತೇವೆ, ನಾವು ತರುತ್ತೇವೆ, ನಾವು ಬಿಡುವುದಿಲ್ಲ ಎಂದು ಮೇಲಿಂದ ಕೆಳಗಿನವರೆಗೆ ‘ನಾವು’ ಇತ್ತು. ಈ ಒಂದು ಹಾಳೆಯಲ್ಲಿ ‘ನಾನು’ ಎಂದು ಬರೆದಿದ್ದೀಯ. ತಿದ್ದುವುದಕ್ಕೆ ಏನೂ ಸಿಗಲಿಲ್ಲ.

ಭಾನುವಾರ ಮಂಗಮ್ಮನನ್ನು ಕರೆದುಕೊಂಡು ಊಟಕ್ಕೆ ಬಾ.

ನಿನ್ನ ಅಕ್ಕ,
ವರಲಕ್ಷ್ಮಿ